ಶ್ರುತಿ ಹಿಡಿದ ಮೀನು

ಪ್ರಶ್ನೆ: ಮನೆಯಲ್ಲಿ ಮೂರಡಿಯ ಅಕ್ವೇರಿಯಂ ಇದೆ. ಹೋದ ತಿಂಗಳು ಬ್ಲ್ಯಾಕ್ ಘೋಸ್ಟ್ ಅನ್ನುವ ಮೀನು ತಂದೆ. ಪೂರಾ ಕಪ್ಪು, ಬಾಲದಲ್ಲಿ ಎರಡು ಬಿಳಿ ಪಟ್ಟಿ. ಅಂಗಡಿಯವರು "ಇದು ಕರೆಂಟ್ ಬಿಡುವ ಮೀನು, ಎರಡಿದ್ದರೆ ಕರೆಂಟಲ್ಲೇ ಮಾತಾಡ್ತವೆ" ಅಂದರು. ಇದನ್ನು ಕೇಳಿದ ಮೇಲೆ ಅಮ್ಮ ಟ್ಯಾಂಕಿಗೆ ಕೈ ಹಾಕಲು ಬಿಡುತ್ತಿಲ್ಲ. ಶಾಕ್ ಹೊಡೀತದಾ? ಮಾತಾಡುವುದು ನಿಜವಾ, ಸುಮ್ನೆ ವ್ಯಾಪಾರದ ಮಾತಾ? ಜೋಡಿಗೆ ಇನ್ನೊಂದು ತರಲಾ?
(ಕದ್ರಿ, ಮಂಗಳೂರು)

ಉತ್ತರ: ಅಮ್ಮನಿಗೆ ಹೇಳಿ, ಮೀನಿಗೆ ಹೆದರುವುದು ಬೇಡ. ಟಾರ್ಚಿನ ಸೆಲ್ಲಿನಲ್ಲಿ ಒಂದೂವರೆ ವೋಲ್ಟ್ ಇರುತ್ತದೆ. ನಿಮ್ಮ ಮೀನಿನ ಪಕ್ಕದ ನೀರಿನಲ್ಲಿ ಅಳೆದರೆ ಸಿಗುವುದು ವೋಲ್ಟಿನ ಸಾವಿರದ ಕೆಲವು ಪಾಲು ಅಷ್ಟೇ. ಹೆದರಬೇಕಾದ್ದು ಅದೇ ಟ್ಯಾಂಕಿಗೆ ಇಳಿಬಿಟ್ಟ ಹೀಟರಿನ ಹಳೇ ವಯರಿಗೆ. ಕೈ ಹಾಕುವ ಮೊದಲು ಅದರ ಪ್ಲಗ್ ತೆಗೆಯಿರಿ.

ಅಮ್ಮನ ಹೆದರಿಕೆಗೂ ಕಾರಣ ಇಲ್ಲದಿಲ್ಲ. ದಕ್ಷಿಣ ಅಮೆರಿಕದ ಎಲೆಕ್ಟ್ರಿಕ್ ಈಲ್ ನಿಮ್ಮ ಮೀನಿನ ನೆಂಟನೇ. ಅದರ ಒಂದು ಜಾತಿಯಲ್ಲಿ 860 ವೋಲ್ಟ್ ಅಳೆದಿದ್ದಾರೆ ಅಂತ 2019ರಲ್ಲಿ ಪ್ರಕಟವಾಯಿತು. ಅದೇ ಕುಲದ ಉಳಿದವರ ಕರೆಂಟ್ ಹೊಡೆಯಲಿಕ್ಕೆ ಅಲ್ಲ. ಅವಕ್ಕೆ ಅದೇ ಕಣ್ಣು, ಅದೇ ಬಾಯಿ.

ಕಣ್ಣು ಹೇಗೆ? ಆಷಾಢದಲ್ಲಿ ನೇತ್ರಾವತಿ ಕೆಂಪಗೆ ಹರಿಯುವಾಗ ಸಂಕದ ಮೇಲೆ ನಿಂತು ನೋಡಿದ್ದೀರಲ್ವಾ, ಒಂದು ಗೇಣು ಕೆಳಗೆ ಏನೂ ಕಾಣುವುದಿಲ್ಲ. ನಿಮ್ಮ ಮೀನಿನ ಊರು ಅಮೆಜಾನ್ ಕಡೆಯ ನದಿಗಳು, ಓಡಾಟ ರಾತ್ರಿ ಹೊತ್ತು. ಅದು ತನ್ನ ಸುತ್ತ ಕರೆಂಟ್ ಹರಡಿಕೊಂಡಿರುತ್ತದೆ. ಕಲ್ಲು ಎದುರಾದರೆ ಕರೆಂಟ್ ತಡೆಯುತ್ತದೆ, ಹುಳು ಎದುರಾದರೆ ಸಲೀಸಾಗಿ ಹರಿಯುತ್ತದೆ, ಈ ವ್ಯತ್ಯಾಸ ಚರ್ಮದಲ್ಲಿರುವ ಸಾವಿರಾರು ಸಣ್ಣ ಸಣ್ಣ ಅಂಗಗಳಿಗೆ ಗೊತ್ತಾಗುತ್ತದೆ. ಈಜುವುದನ್ನು ಗಮನಿಸಿ, ಮೈ ನೆಟ್ಟಗೇ ಇರುತ್ತದೆ, ಹೊಟ್ಟೆಯಡಿಯ ಉದ್ದ ರೆಕ್ಕೆ ಮಾತ್ರ ಸೀರೆಯ ಅಂಚಿನ ಹಾಗೆ ಅಲೆಯುತ್ತದೆ. ಮೈ ಬಳುಕಿಸಿದರೆ ಹರಡಿದ ಕರೆಂಟೂ ಬಳುಕಿ ಲೆಕ್ಕ ತಪ್ಪುತ್ತದೆ.

ಇದನ್ನು ಮೊದಲು ಹಿಡಿದದ್ದು ಕೇಂಬ್ರಿಡ್ಜಿನ ಹ್ಯಾನ್ಸ್ ಲಿಸ್‌ಮನ್. ಆಫ್ರಿಕಾದ ಜಿಮ್ನಾರ್ಕಸ್ ಅನ್ನುವ ಮೀನು ಹಿಂದಕ್ಕೆ ಈಜಿದರೂ ಎಲ್ಲಿಯೂ ಢಿಕ್ಕಿ ಹೊಡೆಯುತ್ತಿರಲಿಲ್ಲ. ಅದರ ಬಾಲದಿಂದ ಬಿಡದೆ ಕರೆಂಟ್ ಬರುತ್ತದೆ ಎಂದು ಅವರು 1951ರಲ್ಲಿ ಬರೆದರು. ಆಮೇಲೆ ಮೆಶಿನ್ ಅನ್ನುವವರ ಜತೆ ಸೇರಿ ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. ನೀರು ಜಿನುಗುವ ಮಣ್ಣಿನ ಕುಡಿಕೆಗಳು, ಹೊರಗಿನಿಂದ ಎಲ್ಲ ಒಂದೇ ತರ. ಒಂದರೊಳಗೆ ಬರೀ ನೀರು, ಇನ್ನೊಂದರೊಳಗೆ ಗಾಜಿನ ಕಡ್ಡಿ. ಮೀನು ಮುಟ್ಟದೆ, ಒಳಗೆ ನೋಡದೆ ಯಾವುದು ಯಾವುದು ಅಂತ ಗುರುತಿಸಿತು.

ಈಗ ಮಾತಿನ ವಿಷಯ. ಇದನ್ನು ನೀವೇ ಮನೆಯಲ್ಲಿ ಕೇಳಬಹುದು. ಮೀನು ಅಡಗಲು ಒಂದು ತುಂಡು ಪಿವಿಸಿ ಪೈಪ್ ಹಾಕಿ. ಅದು ಒಳಗೆ ಸೇರಿಕೊಂಡ ಮೇಲೆ ಪೈಪಿನ ಆ ತುದಿಗೊಂದು ಈ ತುದಿಗೊಂದು ಸ್ಟೀಲ್ ತಂತಿ ಇಳಿಸಿ, ಎರಡನ್ನೂ ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಗಿಟಾರ್ ಆಂಪ್ಲಿಫೈಯರಿಗೆ ಜೋಡಿಸಿ. ಬ್ಯಾಟರಿಯದ್ದೇ ಆಗಬೇಕು, ಗೋಡೆಯ ಪ್ಲಗ್ಗಿನದ್ದು ಖಂಡಿತ ಬೇಡ. ನಾನು ಮೊದಲ ಸಲ ಮಾಡಿದಾಗ ಗುಂಯ್ ಅಂತ ಕೇಳಿ ಖುಷಿಯಲ್ಲಿ ಹೆಂಡತಿಯನ್ನು ಕರೆದೆ. ಅವಳು ಬಂದು ಪಂಪಿನ ಸ್ವಿಚ್ ಆರಿಸಿದಳು, ಗುಂಯ್ ನಿಂತೇ ಹೋಯಿತು! ಅದು ಮನೆಯ ಲೈನಿನ 50 ಹರ್ಟ್ಸ್ ಸದ್ದು, ಮೀನಿನದ್ದಲ್ಲ. ಅದು ನಿಂತ ಮೇಲೆ, ಅದರ ಹಿಂದೆಯೇ ಇದ್ದ ಸಣ್ಣ "ಪೀ..." ಕೇಳಿತು. ಅದು ಮೀನು. ಸೆಕೆಂಡಿಗೆ ಹೆಚ್ಚು ಕಡಿಮೆ ಸಾವಿರ ಸಲ, ಹಗಲು ರಾತ್ರಿ, ನಿದ್ದೆಯಲ್ಲೂ. ಒಂದಿಷ್ಟೂ ಅಲುಗಾಡದ ಶ್ರುತಿ. ನೀರು ತಣ್ಣಗಾದರೆ ಮಾತ್ರ ಸ್ವಲ್ಪ ಇಳಿಯುತ್ತದೆ.

ಶ್ರುತಿ ಅಂದೆನಲ್ಲ, ಯಕ್ಷಗಾನದ ಚೌಕಿಯಲ್ಲಿ ಎರಡು ಶ್ರುತಿಪೆಟ್ಟಿಗೆ ಒಂಚೂರು ಹೆಚ್ಚುಕಮ್ಮಿಯಾಗಿ ನುಡಿದರೆ ವಾಂಯ್ ವಾಂಯ್ ಅಂತ ಅಲೆ ಏಳುತ್ತದೆ, ಕೇಳಿದ್ದೀರಾ? ಹತ್ತಿರ ಬಂದ ಎರಡು ಮೀನುಗಳ ನಡುವೆಯೂ ಹಾಗೇ ಆಗುತ್ತದೆ, ಆ ಅಲೆಯಲ್ಲಿ ಎರಡಕ್ಕೂ ದಾರಿ ಮಸುಕಾಗುತ್ತದೆ. ಆಗ ಐಗನ್‌ಮ್ಯಾನಿಯ ಅನ್ನುವ ಮೀನು ಏನು ಮಾಡುತ್ತದೆ ಗೊತ್ತಾ? ಒಂದರ ಶ್ರುತಿ ಸೆಕೆಂಡಿಗೆ 400 ಸಲ, ಇನ್ನೊಂದರದು 404 ಸಲ ಇದ್ದರೆ, ಕೆಳಗಿರುವುದು ಇನ್ನೂ ಇಳಿಸುತ್ತದೆ, ಮೇಲಿರುವುದು ಇನ್ನೂ ಏರಿಸುತ್ತದೆ. ಜಪಾನಿನ ವತನಬೆ ಮತ್ತು ತಕೆಡ 1963ರಲ್ಲಿ ಇದನ್ನು ತೋರಿಸಿದರು. ಜಗಳ ಇಲ್ಲ, ಪಂಚಾಯ್ತಿ ಇಲ್ಲ. ನಮ್ಮ ಬಸ್ಸಿನಲ್ಲಿ ಪಕ್ಕದವರ ಮೊಬೈಲ್ ಜೋರಾದರೆ ನಾವೂ ಜೋರು ಮಾಡುತ್ತೇವೆ, ಅದು ಬೇರೆ.

ಜಗಳ ಇಲ್ಲವೇ ಇಲ್ಲ ಅಂತಲ್ಲ. ಘೋಸ್ಟ್ ಜಾತಿಯವು ಎದುರುಬದುರಾದಾಗ ಶ್ರುತಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಕ್ಕೆ ಜಿಗಿಸಿ ಮತ್ತೆ ಇಳಿಸುತ್ತವೆ, ಸ್ಪೀಕರಿನಲ್ಲಿ "ಚಿರ್ಪ್" ಅಂತ ಕೇಳುತ್ತದೆ. ಹೆಣ್ಣು ಗಂಡಿನ ಸಂಗತಿಯೂ ಇದೆ. ಸ್ಟೆರ್ನೋಪೈಗಸ್ ಅನ್ನುವ ಮೀನಿನಲ್ಲಿ ಗಂಡಿನದು ಕೆಳಗಿನ ಶ್ರುತಿ, ಹೆಣ್ಣಿನದು ಅದಕ್ಕಿಂತ ಮೇಲೆ. ಕಾರ್ಲ್ ಹಾಪ್‌ಕಿನ್ಸ್ 1970ರ ದಶಕದ ಮೊದಲಲ್ಲಿ ಗಯಾನಾದ ಹೊಳೆಯಲ್ಲಿ ಹೆಣ್ಣಿನ ಶ್ರುತಿಯ ಕರೆಂಟನ್ನು ಯಂತ್ರದಿಂದ ಬಿಟ್ಟರೆ, ಗಂಡುಗಳು ತಂತಿಗೇ ಪ್ರೇಮಗೀತೆ ಹಾಡಿದವು. ಪಾಪ.

ಹಾಗಾಗಿ ಅಂಗಡಿಯವರು ಹೇಳಿದ್ದು ನಿಜ. ಆದರೂ ಇನ್ನೊಂದು ತರಬೇಡಿ. ಇದು ಒಂದೂವರೆ ಅಡಿ ಬೆಳೆಯುವ ಮೀನು, ಮೂರಡಿ ಟ್ಯಾಂಕ್ ಒಂದಕ್ಕೇ ಸಾಲುವುದಿಲ್ಲ. ಎರಡಾದರೆ ಮಾತು ಮುಗಿದು ಕಚ್ಚಾಟ ಶುರುವಾಗುತ್ತದೆ.

ಪ್ರಶ್ನೆ: ನಾನು ಬೋಟಿನಲ್ಲಿ ಕೆಲಸ ಮಾಡುವವ. ಒಮ್ಮೆ ಬಲೆಯಲ್ಲಿ ತೊರಕೆಯ ಹಾಗಿನ ಗುಂಡಗಿನ ಸಣ್ಣ ಮೀನು ಬಂತು, ಹಿಡಿದದ್ದೇ ಕೈ ಮೊಣಕೈವರೆಗೆ ಜೋಮು ಹಿಡಿಯಿತು. ಇದೆಂತ ಕತೆ ಮಾರಾಯ್ರೇ? ಇದೂ ಮಾತಾಡುವ ಮೀನಾ?
(ಮಲ್ಪೆ, ಉಡುಪಿ)

ಉತ್ತರ: ಅದು ಎಲೆಕ್ಟ್ರಿಕ್ ರೇ, ನಮ್ಮ ಪಶ್ಚಿಮ ಕರಾವಳಿಯಲ್ಲಿ ಟ್ರಾಲ್ ಬಲೆಗೆ ಆಗಾಗ ಬೀಳುತ್ತದೆ. ತಲೆಯ ಎರಡೂ ಬದಿಗೆ ಬ್ಯಾಟರಿ ಪೇರಿಸಿಟ್ಟ ಹಾಗೆ ಅಂಗಗಳಿವೆ. ಸಣ್ಣ ಮೀನನ್ನು ಮಂಕು ಮಾಡಲು, ತನ್ನನ್ನು ಹಿಡಿದವರ ಕೈ ಬಿಡಿಸಲು ಅದರ ಕರೆಂಟ್. ನಿಮ್ಮ ಕೈಗೆ ಸಿಕ್ಕಿದ್ದು ಎರಡನೆಯದು. ಕದ್ರಿಯವರ ಮೀನಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ, ಕರೆಂಟಿನ ವಿದ್ಯೆ ಮೀನುಗಳಲ್ಲಿ ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ಹುಟ್ಟಿದೆ. ಶ್ರುತಿ ಹಿಡಿಯುವ ಆ ಕುಲದವು ಎಲ್ಲ ಸಿಹಿನೀರಿನವು. ಉಪ್ಪುನೀರಿನಲ್ಲಿ ಕರೆಂಟ್ ತೀರಾ ಸುಲಭವಾಗಿ ಹರಿದು ಹೋಗುತ್ತದೆ, ಸಣ್ಣ ದನಿ ಅಲ್ಲಿ ನಿಲ್ಲುವುದು ಕಷ್ಟ.

ಪ್ರಶ್ನೆ: ಕರೆಂಟಲ್ಲಿ ಮಾತಾಡಿದರೆ ವೈರಿಗಳಿಗೆ ಕೇಳುವುದಿಲ್ಲವಾ?
(ಹೈಸ್ಕೂಲ್ ವಿದ್ಯಾರ್ಥಿನಿ, ಮಣಿಪಾಲ)

ಉತ್ತರ: ಕೇಳುತ್ತದೆ! ಒಳ್ಳೆಯ ಪ್ರಶ್ನೆ. ಗದ್ದೆ ತೋಡಿನಲ್ಲಿ ಸಿಗುವ ಮುಗುಡು ಮೀನಿಗೆ ತಾನಾಗಿ ಕರೆಂಟ್ ಬಿಡಲು ಬರುವುದಿಲ್ಲ, ಬೇರೆಯವರ ಕರೆಂಟ್ ಗೊತ್ತಾಗುತ್ತದೆ, ಅದೂ ನಿಧಾನಗತಿಯದು ಮಾತ್ರ. ಆಫ್ರಿಕಾದ ಒಕವಾಂಗೊ ನದಿಯಲ್ಲಿ ಮುಗುಡಿನ ನೆಂಟರು ಗುಂಪು ಕಟ್ಟಿಕೊಂಡು ಕರೆಂಟಿನ ಮೀನುಗಳನ್ನೇ ಬೇಟೆಯಾಡುತ್ತವೆ. ಹೆಣ್ಣನ್ನು ಒಲಿಸಲು ದನಿ ಎಳೆದು ಎಳೆದು ಬಿಡುವ ಗಂಡುಗಳ ಕರೆಂಟಿನಲ್ಲಿ ನಿಧಾನಗತಿಯ ಪಾಲು ಜಾಸ್ತಿ, ಅವು ವೈರಿಗೆ ಬೇಗ ಗೊತ್ತಾಗುತ್ತವೆ.