ಕೈಯಲ್ಲಿ 3,000 ಇಟ್ಕೊಂಡು ಕ್ರಿಸ್ಮಸ್ ಮಾಡೋದು ಹೇಗೆ? ನಮ್ಮನೇಲಿ ಮಾಡಿದ್ದು ಹೇಳ್ತೀನಿ

ಅಕ್ಕ, ನಿಮ್ ಪ್ರಶ್ನೆ ಎರಡು ಸಲ ಓದ್ದೆ. ಯಜಮಾನ್ರಿಗೆ ಅಕ್ಟೋಬರ್‌ನಿಂದ ಕೆಲಸ ಇಲ್ಲ, ಮನೇಲಿ ಇಬ್ರು ಮಕ್ಳು, ಹಬ್ಬಕ್ಕೆ ಅಂತ ಇರೋದು 3,000 ರೂಪಾಯಿ, ಸಾಲ ಮಾಡ್ದೆ ಮಕ್ಳ ಮುಖ ಬಾಡ್ದಂಗೆ ಕ್ರಿಸ್ಮಸ್ ಮಾಡಕ್ಕಾಗುತ್ತಾ ಅಂತ ಕೇಳಿದೀರ. ಆಗುತ್ತೆ. ನಾವು ಹಾಸನದೋರು, ನಮ್ಮ ಯಜಮಾನ್ರು ಲಗೇಜ್ ಆಟೋ ಓಡಿಸ್ತಾರೆ, 2023 ನವೆಂಬರಲ್ಲಿ ಲೋಡ್ ಇಳಿಸುವಾಗ ಬಿದ್ದು ಕಾಲು ಮುರ್ಕೊಂಡ್ರು, ನಾನು ಮನೇಲಿ ಬ್ಲೌಸ್ ಹೊಲಿದು ಬರೋ ದುಡ್ಡಲ್ಲೇ ಎಲ್ಲಾ ನಡೀಬೇಕಿತ್ತು. ಆ ವರ್ಷ ಹಬ್ಬಕ್ಕೆ ಅಂತ ಎರಡು ಸಾವಿರ ಕೂಡ ಖರ್ಚಾಗ್ಲಿಲ್ಲ.

ಮೊದ್ಲು ಸಾಲದ ಮಾತು ಹೇಳ್ಬಿಡ್ತೀನಿ. ಅದರ ಹಿಂದಿನ ವರ್ಷ ವಾರದ ಕಂತಿನ ಸಾಲ 10,000 ತಗೊಂಡು ಎಲ್ರಿಗೂ ಹೊಸ ಬಟ್ಟೆ, ಬೇಕರಿ ಕೇಕು, ದೊಡ್ಡ ಪ್ಲಾಸ್ಟಿಕ್ ಸ್ಟಾರು ಅಂತ ಮಾಡಿದ್ದೆ. ಆಮೇಲೆ ಸೋಮವಾರ ಬೆಳಿಗ್ಗೆ ಯಾರಾದ್ರೂ ಬಾಗಿಲು ಬಡಿದ್ರೆ ಎದೆ ಧಸಕ್ ಅನ್ನೋದು, ಸ್ಟಾರು ಹರಿದು ಅಟ್ಟ ಸೇರಿದ್ರೂ ಕಂತು ಮುಗಿದಿರ್ಲಿಲ್ಲ. ದಯವಿಟ್ಟು ಆ ಕಡೆ ಹೋಗ್ಬೇಡಿ.

ಯಜಮಾನ್ರು ಬ್ಯಾಂಡೇಜ್ ಕಾಲು ಚಾಚ್ಕೊಂಡು ಮಲಗಿದ್ದೋರು, ಈ ವರ್ಷ ಹಬ್ಬ ಬೇಡ ಬಿಡೆ, ಚರ್ಚಿನ ಪೂಜೆಗೆ ಹೋಗ್ಬಂದ್ರೆ ಸಾಕು ಅಂದ್ರು. ಆಗ ನಮ್ಮಮ್ಮ ಮನೇಲಿದ್ರು. ಅವ್ರು ಲೂಕನ ಸುವಾರ್ತೆ ಎರಡನೇ ಅಧ್ಯಾಯ ತೆಗ್ದು ಜೋರಾಗಿ ಓದಿದ್ರು, ನಾವೆಲ್ಲ ಕುರುಬರು ಬಂದ ಕಥೆಗೇ ನಿಲ್ಲಿಸ್ಬಿಡ್ತೀವಿ, ಅಮ್ಮ ಮುಂದಕ್ಕೆ ಹೋದ್ರು, ಯೇಸು ಮಗುನ ದೇವಾಲಯಕ್ಕೆ ಕರ್ಕೊಂಡ್ ಹೋದಾಗ ಮರಿಯ ಜೋಸೆಫ್ ಕೊಟ್ಟ ಕಾಣಿಕೆ ಅಂದ್ರೆ ಒಂದು ಜೊತೆ ಬೆಳವಕ್ಕಿ ಇಲ್ಲಾಂದ್ರೆ ಎರಡು ಪಾರಿವಾಳದ ಮರಿ. ನಿಯಮದ ಪ್ರಕಾರ ಕುರಿಮರಿ ಕೊಡ್ಬೇಕು, ಅಷ್ಟು ಶಕ್ತಿ ಇಲ್ದೋರಿಗೆ ಮಾತ್ರ ಈ ಪಾರಿವಾಳದ ಲೆಕ್ಕ. "ಪಾರಿವಾಳ ಕೊಟ್ಟೋರ ಮನೆ ಹಬ್ಬ ಕಣಪ್ಪ ಇದು, ನಿನಗ್ಯಾಕೆ ನಾಚಿಕೆ" ಅಂದ್ರು ಅಳಿಯನಿಗೆ. ಅವ್ರು ಗೋಡೆ ಕಡೆ ತಿರುಗಿ ಮಲ್ಕೊಂಡ್ರು, ಆದ್ರೆ ಮಾರನೇ ದಿನ ಬಿದಿರು ದಬ್ಬೆ ತರಿಸ್ಕೊಂಡು ಮಂಚದ ಮೇಲೇ ಕೂತು ಸ್ಟಾರ್ ಕಟ್ಟಕ್ಕೆ ಶುರು ಮಾಡಿದ್ರು.

ಅಂಗಡಿ ಸ್ಟಾರಿಗಿಂತ ಅದೇ ಚೆನ್ನಾಗಿತ್ತು ಅಂತ ನಾನು ಈಗ್ಲೂ ಹೇಳ್ತೀನಿ. ಗಾಳಿಪಟದ ಹಾಳೆ, ಮೈದಾ ಕುದಿಸಿದ ಅಂಟು, ಒಳಗೆ ಮನೇಲಿದ್ದ 9 ವ್ಯಾಟ್ ಎಲ್ಇಡಿ ಬಲ್ಬು. ಕರೆಂಟಿಗೆ ಹೆದರ್ಬೇಡಿ, ದಿನಾ 6 ಗಂಟೆ ಅಂತ 20 ದಿನ ಉರಿಸಿದ್ರೂ ಸುಮಾರು ಒಂದು ಯೂನಿಟ್ಟು ಅಷ್ಟೇ.

ಹಬ್ಬನ 25ನೇ ತಾರೀಖು ಒಂದೇ ದಿನಕ್ಕೆ ತುಂಬಕ್ಕೆ ಹೋದ್ರೆ ದುಡ್ಡು ಬೇಕಾಗುತ್ತೆ. ನಾವು ಆಗಮನ ಕಾಲದ, ಅಂದ್ರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಕ್ಕೂ ಹಂಚಿದ್ವಿ. ದೀಪಾವಳಿಲಿ ಎದುರು ಮನೆ ಅಜ್ಜಿ ಕೊಟ್ಟಿದ್ದ ಮಣ್ಣಿನ ಹಣತೆ ನಾಲ್ಕು ಇತ್ತು, ಮಗಳು ವಾಟರ್ ಕಲರಲ್ಲಿ ಮೂರಕ್ಕೆ ನೇರಳೆ, ಒಂದಕ್ಕೆ ಗುಲಾಬಿ ಬಳಿದ್ಲು, ಚರ್ಚಲ್ಲಿ ಹಚ್ಚೋ ಮೇಣದಬತ್ತಿ ಬಣ್ಣನೇ ಅದು, ಗುಲಾಬಿದು ಮೂರನೇ ಭಾನುವಾರಕ್ಕೆ. ಭಾನುವಾರ ಸಂಜೆ ಟಿವಿ ಆಫ್ ಮಾಡಿ ಒಂದೊಂದು ಹಣತೆ ಜಾಸ್ತಿ ಹಚ್ಚೋದು, ಒಂದು ಹಾಡು, ಜೊತೆಗೆ ಬಿಸಿ ಕಡ್ಲೆಕಾಯಿ. ನಿಮಗೆ ಒಂದು ಭಾನುವಾರ ಕಳೆದೋಗಿದ್ರೂ ಪರ್ವಾಗಿಲ್ಲ, ಈ ವಾರದಿಂದ ಎರಡು ಒಟ್ಟಿಗೆ ಹಚ್ಚಿ.

ಗೋದಲಿಗೆ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆ ಥರ ಮನೇಲಿ ಜೋಡಿಸೋದಕ್ಕೆ, ಒಂದು ರೂಪಾಯೂ ಬೇಡ. ನಾನು ಸಕಲೇಶಪುರದ ಕಡೆಯವಳು, ಡಿಸೆಂಬರ್ ಮೊದಲ ವಾರದಲ್ಲಿ ಮಗಳನ್ನ ಕರ್ಕೊಂಡು ತವರಿಗೆ ಹೋಗ್ಬಂದೆ. ಆ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿತ್ತಲ್ಲ, ಸರ್ಕಾರಿ ಬಸ್ಸಲ್ಲಿ ನಮ್ಮಿಬ್ರಿಗೂ ಟಿಕೆಟ್ ದುಡ್ಡಿಲ್ಲ. ಅಲ್ಲಿ ಅರೇಬಿಕಾ ಕುಯ್ಲು ನಡೀತಿತ್ತು, ಕಿತ್ತು ಹಾಕಿದ್ದ ಹಳೇ ಕಾಫಿ ಗಿಡದ ಒಣ ಕೊಂಬೆ ಒಂದು ತಂದು ಸುಣ್ಣ ಬಳಿದು ಡಬ್ಬದಲ್ಲಿ ನೆಟ್ಟು ಅದನ್ನೇ ಟ್ರೀ ಮಾಡಿದ್ವಿ, ಹೊಲಿಗೆ ಚೂರು ಬಟ್ಟೆಯಲ್ಲಿ ಗಂಟೆ, ಹೂವು ಎಲ್ಲಾ ಮಾಡಿ ತೂಗ್ಹಾಕಿದ್ಲು ಮಗಳು. ಗೋದಲಿ ಹುಲ್ಲಿಗೆ ರಾಗಿ. ಒಂದು ಹಿಡಿ ರಾಗಿ ರಾತ್ರಿ ನೆನೆಸಿ, ತೆಂಗಿನ ಚಿಪ್ಪಲ್ಲಿ ಮಣ್ಣು ತುಂಬಿ ಒತ್ತೊತ್ತಾಗಿ ಚೆಲ್ಲಿ ಮೇಲೆ ತೆಳ್ಳಗೆ ಮಣ್ಣು ಉದುರಿಸಿ ದಿನಾ ನೀರು ಚಿಮುಕ್ಸಿ. ಮಗ ಸ್ಕೂಲಿಂದ ಬಂದ ತಕ್ಷಣ ಬ್ಯಾಗ್ ಇಳಿಸದೇನೇ ಚಿಪ್ಪು ನೋಡಕ್ಕೆ ಓಡೋನು, ಐದನೇ ದಿನ ಬೆಳಿಗ್ಗೆ ಸೂಜಿ ಮೊನೆ ಥರ ಬಿಳಿ ಮೊಳಕೆ ಕಂಡಾಗ ಅವನು ಕೂಗಿದ ಕೂಗಿಗೆ ಅವರಪ್ಪ ಊರುಗೋಲು ಹಿಡ್ಕೊಂಡು ಎದ್ದು ಬಂದ್ರು. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಗ್ರೆಚ್ಚಿಯೊ ಅನ್ನೋ ಊರಲ್ಲಿ ಮೊದಲು ಗೋದಲಿ ಮಾಡಿಸ್ದಾಗ ಇದ್ದಿದ್ದೂ ಹುಲ್ಲು, ಒಂದು ಎತ್ತು, ಒಂದು ಕತ್ತೆ ಇಷ್ಟೇ. ಗೊಂಬೆ ಸೆಟ್ ಇಲ್ಲ ಅಂತ ಕೊರಗ್ಬೇಡಿ, ಮಕ್ಳ ಕೈಲಿ ಜೇಡಿಮಣ್ಣಲ್ಲಿ ಮಾಡಿಸಿ.

ಇನ್ನು ತಿಂಡಿ. ಇದನ್ನ ಮಾತ್ರ ಬಿಡ್ಬೇಡಿ, ಮನೇಲಿ ಎಣ್ಣೆ ಕಾದ ವಾಸನೆ ಬಂದ್ರೇನೇ ಮಕ್ಳಿಗೆ ಹಬ್ಬ ಬಂತು ಅನ್ಸೋದು. ಆದ್ರೆ ಐದಾರು ಬಗೆ ಬೇಡ. ನಾವು ಚಕ್ಕುಲಿ, ಕರ್ಜಿಕಾಯಿ, ರೋಸ್ ಕುಕ್ಕೀಸ್ ಎಲ್ಲಾ ಬಿಟ್ಟು ಬರೀ ಕಲ್ಕಲ್ ಮಾಡಿದ್ವಿ, ಎಣ್ಣೇಲಿ ಕರಿಯೋ ಸಿಹಿ ತಿಂಡಿ ಅದು, 2 ಕೆಜಿ ಮೈದಾ, ಸಕ್ಕರೆ ಪುಡಿ, ತವರಿಂದ ತಂದ ಕಾಯಿ ಹಾಲು, ಚಿಟಿಕೆ ಉಪ್ಪು, ಸ್ವಲ್ಪ ಕಾಯಿಸಿದ ಎಣ್ಣೆ ಹಾಕಿ ಗಟ್ಟಿಯಾಗಿ ಕಲಸಿ ಒದ್ದೆ ಬಟ್ಟೆ ಮುಚ್ಚಿಟ್ರೆ ಆಯ್ತು. ಗೋಲಿ ಗಾತ್ರದ ಉಂಡೆ ತಗೊಂಡು ಹೊಸ ಬಾಚಣಿಗೆ ಮೇಲೆ ಹೆಬ್ಬೆಟ್ಟಲ್ಲಿ ಒತ್ತಿ ಹಾಗೇ ಸುರುಳಿ ಸುತ್ತಿದ್ರೆ ಗೆರೆ ಗೆರೆ ಶಂಖದ ಥರ ಬರುತ್ತೆ. ಬಾಚಣಿಗೆಗೆ ಎಣ್ಣೆ ಸವರ್ಕೊಳಿ, ಇಲ್ಲಾಂದ್ರೆ ಅಂಟುತ್ತೆ. 23ನೇ ತಾರೀಖು ರಾತ್ರಿ ಎದುರು ಮನೆ ಅಜ್ಜಿನೂ ಬಂದು ಚಾಪೆ ಮೇಲೆ ಕೂತ್ರು, ಅವ್ರ ಮಕ್ಳೆಲ್ಲ ಬೆಂಗಳೂರಲ್ಲಿ, ಒಬ್ರೇ ಇರೋದು. ಹನ್ನೊಂದು ಗಂಟೆವರೆಗೂ ಐದು ಜನ ಸುತ್ತಿದ್ದೇ ಸುತ್ತಿದ್ದು, ನಾನು ಒಲೆ ಮುಂದೆ. ಮಾತು ಎಲ್ಲೆಲ್ಲಿಗೋ ಹೋಯ್ತು, ಅಜ್ಜಿ ತಮ್ಮ ಮದುವೆ ಕಥೆ ಹೇಳಿದ್ರು. ಅಷ್ಟು ಹೊತ್ತು ನಮ್ಮನೇಲಿ ಯಾರೂ ದುಡ್ಡಿನ ಮಾತೇ ಎತ್ತಿಲ್ಲ, ಅದು ನನಗೆ ಮಲಗೋವಾಗ ಹೊಳೀತು.

24ಕ್ಕೆ ಹತ್ತು ಮನೆಗೆ ತಟ್ಟೆ ಕಳಿಸ್ದೆ. ಮೊದ್ಲು ಮುಜುಗರ ಆಗಿತ್ತು, ಬರೀ ಒಂದೇ ತಿಂಡಿ ಹೆಂಗ್ ಕಳಿಸೋದು ಅಂತ. ನಮ್ ಕಡೆ ತಟ್ಟೆ ಖಾಲಿ ವಾಪಸ್ ಕೊಡಲ್ವಲ್ಲ, ಒಬ್ರು ಸಕ್ಕರೆ ಹಾಕಿ ಕಳಿಸಿದ್ರು, ಒಬ್ರು ಬಾಳೆಹಣ್ಣು, ಮೂಲೆ ಮನೆಯೋರು ಹೊಲದಿಂದ ಬಂದ ಸೊಗಡು ಅವರೆಕಾಯಿ ಒಂದು ಚೀಲನೇ ಕೊಟ್ರು. ಅದೇ ನಮ್ ಹಬ್ಬದೂಟ ಆಯ್ತು. ಒಂದೂವರೆ ಕೆಜಿ ಕೋಳಿಗೆ ಅಷ್ಟೂ ಅವರೆಕಾಳು ಹಾಕಿ ಸಾರು, ರೇಷನ್ ಅಕ್ಕಿ ತರಿ ಮಾಡಿಸಿ ಕಡುಬು, ಎಂಟು ಜನ ಹೊಟ್ಟೆ ತುಂಬ ಉಂಡು ರಾತ್ರಿಗೂ ಮಿಕ್ತು. ಕೇಕಿಗೆ ಕುಕ್ಕರ್ ಸಾಕು, ತಳಕ್ಕೆ ಉಪ್ಪು ಹರಡಿ ಗ್ಯಾಸ್ಕೆಟ್ ವಿಷಲ್ ತೆಗೆದು ಸಣ್ಣ ಉರಿಲಿ ರವೆ ಕೇಕ್ ಮಾಡ್ಬೋದು.

ಬಟ್ಟೆ ವಿಷಯದಲ್ಲಿ ನಾನು ಹೊಲಿಯೋಳಾಗಿದ್ದು ಅನುಕೂಲ ಆಯ್ತು, ಅಮ್ಮನ ಸೀರೇಲಿ ಮಗಳಿಗೆ ಲಂಗ, ಮಗನಿಗೆ ಸಂತೇಲಿ 350ರ ಶರ್ಟು. ನಿಮಗೆ ಹೊಲಿಗೆ ಬರ್ದಿದ್ರೆ ಟೈಲರ್ ಹತ್ರ ಈಗ್ಲೇ ಕೊಡಿ, 20ರ ಮೇಲೆ ಯಾರೂ ಹಿಡಿಯಲ್ಲ. ಗಿಫ್ಟ್ ಬದ್ಲು ಚೀಟಿ ಎತ್ತಿದ್ವಿ, ಯಾರ ಹೆಸರು ಬರುತ್ತೋ ಅವ್ರಿಗೆ ಒಂದು ವಾರ ಗೊತ್ತಾಗ್ದಂಗೆ ಏನಾದ್ರೂ ಮಾಡ್ಬೇಕು. ನನ್ನ ಮಿಷನ್ನಿಗೆ ಯಾರೋ ದಿನಾ ಎಣ್ಣೆ ಬಿಟ್ಟು ಒರೆಸಿಡ್ತಿದ್ರು, ಮಗ ಅಂತ ಕೊನೆಗೆ ಗೊತ್ತಾಯ್ತು.

26ಕ್ಕೆ ಅಣ್ಣನ ಓಮ್ನಿಲಿ ಅತ್ತೆನೂ ಕರ್ಕೊಂಡು ಶೆಟ್ಟಿಹಳ್ಳಿಗೆ ಹೋದ್ವಿ, ಹಾಸನದಿಂದ ಸುಮಾರು 20 ಕಿ.ಮೀ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು, ಗೊರೂರಲ್ಲಿ ಹೇಮಾವತಿ ಅಣೆಕಟ್ಟು ಆದ್ಮೇಲೆ ಹಿನ್ನೀರಿಗೆ ಸಿಕ್ಕಿ ಈಗ ಬರೀ ಗೋಡೆ ಕಮಾನು ಉಳ್ಕೊಂಡಿದೆ. ಆ ವರ್ಷ ಮಳೆ ಕಮ್ಮಿ, ಒಳಗೆ ನಡ್ಕೊಂಡು ಹೋಗ್ಬೋದಿತ್ತು. ಅತ್ತೆ ತವರು ಆ ಕಡೆನೇ, ತನಗೆ ಜ್ಞಾನಸ್ನಾನ ಆಗಿದ್ದು ಇಲ್ಲೇ ಅಂತ ಜಾಗ ತೋರಿಸಿ ಅಲ್ಲೇ ಮೊಣಕಾಲೂರಿದ್ರು. ಮಕ್ಳು ಚಪ್ಪಲಿ ಬಿಚ್ಚಿಟ್ಟು ಅವ್ರ ಎರಡೂ ಪಕ್ಕ ಕೂತ್ವು, ಯಾರೂ ಹೇಳಿರ್ಲಿಲ್ಲ.

ಯಜಮಾನ್ರ ಕೈಗೂ ಏನಾದ್ರೂ ಕೆಲಸ ಕೊಡಿ ಅಕ್ಕ, ಸ್ಟಾರ್ ಆಗ್ಲಿ ಗೋದಲಿ ಆಗ್ಲಿ, ಕೆಲಸ ಕಳ್ಕೊಂಡೋರು ಸುಮ್ನೆ ಕೂತು ನೋಡ್ತಿದ್ರೆ ಒಳಗೊಳಗೇ ಕುಗ್ತಾರೆ. ರಾಗಿ 13ನೇ ತಾರೀಖಿಗೆ ಹಾಕಿ, ನಿಮ್ ಕಡೆ ಚಳಿ ಜಾಸ್ತಿ ಇದ್ರೆ ಎರಡು ದಿನ ಮುಂಚೆನೇ ಹಾಕ್ಬಿಡಿ, ಮೊಳಕೆ ಬಂದ್ರೆ ಇಲ್ಲೇ ಬರೀರಿ, ನಾನು ನೋಡ್ತಿರ್ತೀನಿ.