ಮೀನಿಗೆ ಕಷ್ಟ ಮಧ್ಯಾಹ್ನವಲ್ಲ, ಬೆಳಗಿನ ಜಾವ

ಪ್ರಶ್ನೆ: ಸರ್, ಹಿತ್ತಲಲ್ಲಿ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳದ ಕೊಳ ಇದೆ. ಗೋಲ್ಡ್‌ಫಿಶ್ ಮತ್ತು ಕೆಲವು ಕೋಯಿ (ಬಣ್ಣಬಣ್ಣದ ದೊಡ್ಡ ಮೀನು) ಸಾಕಿದ್ದೇನೆ. ಬಿಸಿಲು ಜೋರಾದ ಮೇಲೆ ಬೆಳಗ್ಗೆ 9ರಿಂದ ಸಂಜೆ 6ರವರೆಗೆ ನೀರಿಗೆ ಗಾಳಿ ಊದುವ ಏರೇಟರ್ ಹಾಕುತ್ತೇನೆ. ರಾತ್ರಿ ಹೇಗೂ ತಂಪು ಅಲ್ವಾ ಅಂತ ಆಫ್ ಮಾಡುತ್ತೇನೆ. ಆದರೂ ಬೆಳಗ್ಗೆ ಎದ್ದು ನೋಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆಗೆದು ಮುಚ್ಚಿ ಮಾಡುತ್ತಿರುತ್ತವೆ. ನಿನ್ನೆ ಎಲ್ಲಕ್ಕಿಂತ ದೊಡ್ಡ ಕೋಯಿ ಸತ್ತಿತ್ತು. ನೀರು ಹಸಿರಾಗಿದೆ. ಏರ್ ಸ್ಟೋನ್ (ಪೈಪಿನ ತುದಿಯಲ್ಲಿ ಗುಳ್ಳೆ ಬಿಡುವ ಕಲ್ಲು) ಒಂದಡಿ ಆಳದಲ್ಲಿದೆ, ತಳಕ್ಕೆ ಇಳಿಸಲಾ?

ಉತ್ತರ: ಇವತ್ತು ರಾತ್ರಿ ಏರೇಟರ್ ಆಫ್ ಮಾಡಬೇಡಿ. ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಿ.

ನಿಮ್ಮ ಲೆಕ್ಕ ಉಲ್ಟಾ ಆಗಿದೆ. ನೀರು ಹಸಿರಾಗಿದೆ ಅಂದರೆ ಅದರ ತುಂಬಾ ಸಣ್ಣ ಪಾಚಿ ಇದೆ. ಬಿಸಿಲಿರುವಷ್ಟು ಹೊತ್ತು ಆ ಪಾಚಿಯೇ ನೀರಿಗೆ ಆಮ್ಲಜನಕ ಕೊಡುತ್ತದೆ. ಕತ್ತಲಾದ ಮೇಲೆ ಕೊಡುವುದು ನಿಲ್ಲುತ್ತದೆ, ಉಸಿರಾಡುವುದು ನಿಲ್ಲುವುದಿಲ್ಲ. ಮೀನು, ಪಾಚಿ, ತಳದ ಕೆಸರಿನ ಬ್ಯಾಕ್ಟೀರಿಯಾ ಎಲ್ಲವೂ ರಾತ್ರಿಯಿಡೀ ಒಂದೇ ಗಂಟಿನಿಂದ ಖರ್ಚು ಮಾಡುತ್ತವೆ. ಸೂರ್ಯ ಹುಟ್ಟುವ ಹೊತ್ತಿಗೆ ಗಂಟು ಖಾಲಿ. ಸಾಲದ್ದಕ್ಕೆ, ಬಿಸಿ ನೀರಿನಲ್ಲಿ ಗಂಟೇ ಚಿಕ್ಕದು. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಅಷ್ಟೇ. ಅದೇ ಬಿಸಿಗೆ ಮೀನಿಗೆ ಬೇಕಾಗುವುದು ಮಾತ್ರ ಜಾಸ್ತಿ. ಆಮ್ಲಜನಕ ಕಡಿಮೆಯಾದಾಗ ಸಾಮಾನ್ಯವಾಗಿ ಮೊದಲು ಹೋಗುವುದು ದೊಡ್ಡ ಮೀನೇ.

ಒಂದು ಸಲ ಖಾತ್ರಿ ಮಾಡಿಕೊಳ್ಳಿ. ಬಿಸಿಲೇರಿ ಹತ್ತು ಗಂಟೆಯಾಗುವಷ್ಟರಲ್ಲಿ ಮೀನುಗಳು ತಾವಾಗಿ ಕೆಳಗಿಳಿದರೆ ಇದು ಆಮ್ಲಜನಕದ್ದೇ ಕಥೆ. ದಿನವಿಡೀ ಮೇಲೇ ಇದ್ದರೆ ಅಮೋನಿಯಾ ಅಥವಾ ಕಿವಿರಿನ ತೊಂದರೆ ಇರಬಹುದು, ನೀರು ಪರೀಕ್ಷೆ ಮಾಡಿಸಿ.

ಬೇಸಿಗೆ ಮುಗಿಯುವವರೆಗೆ 24 ಗಂಟೆಯೂ ಓಡಿಸುವುದು ಒಳ್ಳೆಯದು. ಆಗಲ್ಲ ಅಂದರೆ ಸಂಜೆಯಿಂದ ಶುರುಮಾಡಿ, ಸೂರ್ಯ ಹುಟ್ಟಿ ಎರಡು ಗಂಟೆಯಾದ ಮೇಲೆ ನಿಲ್ಲಿಸಿ.

ಕಲ್ಲನ್ನು ಇಳಿಸಬಹುದು, ಆದರೆ ಒಂದೇ ಏಟಿಗೆ ಬೇಡ. ಈ ತಪ್ಪನ್ನು ನಾನೇ ಮಾಡಿದ್ದೇನೆ. ವರ್ಷಗಟ್ಟಲೆ ಕದಡದ ಕೊಳದಲ್ಲಿ ಕಲ್ಲನ್ನು ನೇರ ಕೆಸರಿನ ಮೇಲೆ ಇಟ್ಟೆ. ಅರ್ಧ ಗಂಟೆಯಲ್ಲಿ ನೀರು ಕಪ್ಪಾಯಿತು, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ತಳದ ಕೆಟ್ಟ ನೀರೆಲ್ಲ ಒಟ್ಟಿಗೆ ಮೇಲೆದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ಮೂರು ಮೀನು ಹೋದವು. ಹಾಗಾಗಿ ದಿನಕ್ಕೆ ಅರ್ಧ ಅಡಿಯಂತೆ, ಅದೂ ಬಿಸಿಲು ಬಂದ ಮೇಲೆ ಇಳಿಸಿ. ತಳದಲ್ಲಿ ಒಂದು ಇಟ್ಟಿಗೆ ಇಟ್ಟು ಅದರ ಮೇಲೆ ಕೂರಿಸಿ, ಕೆಸರಿಗೆ ತಾಗಬಾರದು.

ಗುಳ್ಳೆ ಎಷ್ಟು ಬರುತ್ತಿದೆ ಅಂತ ಎಣಿಸುವವರು ಜಾಸ್ತಿ. ಇಷ್ಟು ಆಳದ ಕೊಳದಲ್ಲಿ ಗುಳ್ಳೆಯಿಂದ ನೇರವಾಗಿ ಕರಗುವುದು ಸ್ವಲ್ಪವೇ. ಅದು ಕೆಳಗಿನ ನೀರನ್ನು ಮೇಲಕ್ಕೆ ಎಳೆದು ತಂದು ಗಾಳಿಗೆ ತೋರಿಸುತ್ತದಲ್ಲ, ಕೆಲಸ ಆಗುವುದು ಅಲ್ಲಿ. ಒಂದು ಒಣ ಎಲೆ ತೇಲಿಬಿಟ್ಟು ನೋಡಿ. ಎಲೆ ನಿಂತಲ್ಲೇ ನಿಂತರೆ ಆ ಮೂಲೆಗೆ ನೀರಿನ ಓಡಾಟ ಮುಟ್ಟಿಲ್ಲ.

ಏರೇಟರ್‌ನ ಪಂಪನ್ನು ನೆರಳಲ್ಲಿಡಿ. ಉರಿಬಿಸಿಲಲ್ಲಿಟ್ಟರೆ ಬಿಸಿ ಗಾಳಿಯನ್ನೇ ನೀರಿಗೆ ಊದುತ್ತದೆ, ಪಂಪಿನ ಆಯಸ್ಸೂ ಕಡಿಮೆ. ಮೀನಿಗೆ ಒಂದೆರಡು ದಿನ ಊಟ ಬೇಡ, ಆಮೇಲೂ ಅರ್ಧ ಸಾಕು. ಸಂಜೆ ತಿನ್ನಿಸುವ ಅಭ್ಯಾಸವಿದ್ದರೆ ಬಿಡಿ, ತಿಂದದ್ದು ಅರಗಲು ಮತ್ತಷ್ಟು ಆಮ್ಲಜನಕ ಬೇಕು. ಹಸಿರು ಹೋಗಲಿ ಅಂತ ಪಾಚಿ ಸಾಯಿಸುವ ಔಷಧಿಯನ್ನಂತೂ ಈಗ ಸುರಿಯಬೇಡಿ. ಸತ್ತ ಪಾಚಿ ಕೊಳೆಯುವಾಗ ಇರುವ ಆಮ್ಲಜನಕವನ್ನೂ ನುಂಗಿಹಾಕುತ್ತದೆ.

ಪ್ರಶ್ನೆ: ರಾತ್ರಿ ಕರೆಂಟ್ ಹೋದರೆ ಏನು ಮಾಡುವುದು?

ಉತ್ತರ: ಬ್ಯಾಟರಿಯಲ್ಲಿ ಓಡುವ ಸಣ್ಣ ಏರ್ ಪಂಪ್ ಒಂದನ್ನು ತಂದಿಟ್ಟುಕೊಳ್ಳಿ. ಅದಿಲ್ಲದಿದ್ದರೆ ಕೊಳದ್ದೇ ನೀರನ್ನು ಬಕೆಟ್‌ನಲ್ಲಿ ಎತ್ತಿ, ಎತ್ತರದಿಂದ ಸುರಿಯುತ್ತಿರಿ. ತೋಳು ನೋಯುತ್ತದೆ, ಆದರೆ ಮೀನು ಉಳಿಯುತ್ತದೆ. ನಲ್ಲಿ ನೀರು ಬಿಡುವುದಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿಯೇ ಬಿಡಿ. ಇನ್ನೊಂದು, ಪಂಪ್ ನೀರಿನ ಮಟ್ಟಕ್ಕಿಂತ ಮೇಲಿರಲಿ. ಕೆಳಗಿದ್ದರೆ ಕರೆಂಟ್ ಹೋದ ಕೂಡಲೇ ಕೊಳದ ನೀರು ಪೈಪಿನಲ್ಲಿ ಹಿಂದಕ್ಕೆ ಬಂದು ಪಂಪಿನೊಳಗೆ ಸೇರುತ್ತದೆ. ಮೇಲಿಡಲು ಜಾಗ ಇಲ್ಲದಿದ್ದರೆ ಪೈಪಿಗೆ ಒಂದು ನಾನ್-ರಿಟರ್ನ್ ವಾಲ್ವ್ ಹಾಕಿಸಿ.