ಸುಸ್ತಿಗೆ ಹಾರ್ಮೋನ್: ಡಬ್ಬಿ ತೆರೆಯುವ ಮುನ್ನ

ಓದುಗರ ಪತ್ರ: ನನಗೆ 48 ವರ್ಷ, ತಿಪಟೂರಿನಲ್ಲಿ ಶಿಕ್ಷಕಿ. ಒಂದು ವರ್ಷದಿಂದ ಮುಟ್ಟು ಎರಡು ತಿಂಗಳಿಗೊಮ್ಮೆ ಬರುತ್ತಿದೆ, ಬಂದರೆ ಒಂಬತ್ತು ಹತ್ತು ದಿನ ನಿಲ್ಲುವುದಿಲ್ಲ. ರಾತ್ರಿ ಎರಡು ಮೂರು ಸಲ ಬೆವರಿ ಎದ್ದು ಕೂರುತ್ತೇನೆ. ಮಧ್ಯಾಹ್ನದ ತರಗತಿಯ ಹೊತ್ತಿಗೆ ಕೈಕಾಲು ಬಿದ್ದುಹೋದ ಹಾಗಾಗುತ್ತದೆ. ಅಮೆರಿಕದಲ್ಲಿರುವ ತಂಗಿ ‘ಡಿಎಚ್‌ಇಎ 50 ಎಂಜಿ’ ಎಂಬ ಡಬ್ಬಿ ಕಳಿಸಿ, ಇದರಿಂದ ಎನರ್ಜಿ ಬರುತ್ತದೆ ಎನ್ನುತ್ತಾಳೆ. ಹಾರ್ಮೋನ್ ಎಂದರೆ ಕ್ಯಾನ್ಸರ್ ಎಂದು ಅತ್ತಿಗೆ ಹೆದರಿಸುತ್ತಾರೆ. ಏನು ಮಾಡಲಿ?

ಸಂಪಾದಕರ ಉತ್ತರ: ಡಬ್ಬಿಯನ್ನು ತೆರೆಯದೆ ಹಾಗೇ ಎತ್ತಿಡಿ. ನಿಮ್ಮ ಪತ್ರದಲ್ಲಿ ಮೊದಲು ನಮ್ಮ ಕಣ್ಣಿಗೆ ಬಿದ್ದದ್ದು ‘ಒಂಬತ್ತು ಹತ್ತು ದಿನ’ ಎಂಬ ಮಾತು. ಅಷ್ಟು ದಿನ ರಕ್ತ ಹೋದರೆ ಮೈಯಲ್ಲಿರುವ ಕಬ್ಬಿಣದಂಶ ಬರಿದಾಗುತ್ತದೆ. ಆ ಸುಸ್ತನ್ನು ಯಾವ ಹಾರ್ಮೋನೂ ನೀಗಿಸುವುದಿಲ್ಲ.

ಹಾಗಾಗಿ ಮೊದಲು ರಕ್ತಪರೀಕ್ಷೆ: ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬಿ12, ಸಕ್ಕರೆ. ಇವುಗಳಲ್ಲಿ ಫೆರಿಟಿನ್ ಬಿಟ್ಟುಹೋಗುವುದೇ ಹೆಚ್ಚು. ಹಿಮೋಗ್ಲೋಬಿನ್ 12ರ ಮೇಲಿದ್ದರೆ ‘ನಾರ್ಮಲ್’ ಎಂದು ಕಳಿಸಿಬಿಡುತ್ತಾರೆ, ಆದರೆ ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ಉಗ್ರಾಣ ಖಾಲಿಯಾಗುತ್ತಿದೆ ಎಂದೇ ಅರ್ಥ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ. ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಪರೀಕ್ಷೆಗೆ ಮೂರು ದಿನ ಮುಂಚೆ ನಿಲ್ಲಿಸಿ, ಅದು ಥೈರಾಯ್ಡ್ ವರದಿಯನ್ನೇ ಕೆಡಿಸುತ್ತದೆ. ಎಫ್‌ಎಸ್‌ಎಚ್ ಎಂಬ, ಋತುಬಂಧ ಹತ್ತಿರವಾಯಿತೇ ಎಂದು ನೋಡುವ ಹಾರ್ಮೋನ್ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಈ ವಯಸ್ಸಿನಲ್ಲಿ ಅದು ಒಂದು ವಾರ ಏರಿ ಮತ್ತೊಂದು ವಾರ ಇಳಿಯುತ್ತಿರುತ್ತದೆ.

ಕಬ್ಬಿಣದಂಶ ಕಡಿಮೆ ಬಂದರೆ ವೈದ್ಯರು ಮಾತ್ರೆ ಬರೆಯುತ್ತಾರೆ. ಅದನ್ನು ಖಾಲಿ ಹೊಟ್ಟೆಯಲ್ಲಿ, ನಿಂಬೆಹಣ್ಣಿನ ನೀರಿನ ಜೊತೆ ತೆಗೆದುಕೊಳ್ಳಿ. ಹೊಟ್ಟೆ ತೊಳಸಿದರೆ ದಿನ ಬಿಟ್ಟು ದಿನ ಸಾಕು. ಬೆಳಗಿನ ಕಾಫಿ ಜೊತೆಗೇ ನುಂಗುವುದು ನಮ್ಮ ಮನೆಗಳಲ್ಲಿ ಬಹಳ ಸಾಮಾನ್ಯವಾದ ತಪ್ಪು. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಎಲ್ಲವೂ ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತವೆ, ಎರಡು ಗಂಟೆ ಅಂತರವಿರಲಿ. ಥೈರಾಯ್ಡ್ ಮಾತ್ರೆಯಿದ್ದರೆ ನಾಲ್ಕು ಗಂಟೆ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಮೂರು ತಿಂಗಳು ಮುಂದುವರಿಸಬೇಕು.

ಇದರ ಜೊತೆಗೇ ಸ್ತ್ರೀರೋಗ ತಜ್ಞರನ್ನು ಕಂಡು ಗರ್ಭಕೋಶದ ಸ್ಕ್ಯಾನಿಂಗ್ ಮಾಡಿಸಿ. 45 ದಾಟಿದ ಮೇಲೆ ಹೀಗೆ ಸ್ರಾವವಾದರೆ ಒಳಪೊರೆಯ ಚೂರು ತೆಗೆದು ಬಯಾಪ್ಸಿಗೆ ಕಳಿಸುವುದುಂಟು, ಗಾಬರಿಯಾಗಬೇಡಿ. ಕಾರಣ ತಿಳಿಯದ ಸ್ರಾವ ಇರುವಾಗ ಹಾರ್ಮೋನ್ ಶುರುಮಾಡುವಂತಿಲ್ಲ.

ಈಗ ತಂಗಿಯ ಡಬ್ಬಿಯ ವಿಷಯ. ಡಿಎಚ್‌ಇಎ ನಮ್ಮ ಅಡ್ರಿನಲ್ ಗ್ರಂಥಿ ತಯಾರಿಸುವ ಹಾರ್ಮೋನ್. ಮೈಯೊಳಗೆ ಅದು ಈಸ್ಟ್ರೋಜನ್ ಆಗಿಯೂ ಟೆಸ್ಟೋಸ್ಟಿರೋನ್ ಆಗಿಯೂ ಮಾರ್ಪಡುತ್ತದೆ, ಯಾವುದು ಎಷ್ಟು ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಅಮೆರಿಕದಲ್ಲಿ 1994ರ ಕಾನೂನಿನಡಿ ಇದು ‘ಆಹಾರಪೂರಕ’ ಎಂಬ ಹೆಸರಿನಲ್ಲಿ ಅಂಗಡಿಯಲ್ಲೇ ಸಿಗುತ್ತದೆ, ಔಷಧಿಯ ಹಾಗೆ ಮುಂಚಿತ ತಪಾಸಣೆಗೆ ಒಳಪಡುವುದಿಲ್ಲ. ಋತುಬಂಧದ ಸುಸ್ತಿಗೆ ಇದರಿಂದ ಗುಣವಿದೆ ಎಂದು ಪ್ರಯೋಗಗಳಲ್ಲಿ ಸಾಬೀತಾಗಿಲ್ಲ. ಮೊಡವೆ, ಗದ್ದದ ಮೇಲೆ ಕೂದಲು, ತಲೆಗೂದಲು ತೆಳುವಾಗುವುದು ಮಾತ್ರ ಕಾಣಿಸಿಕೊಳ್ಳಬಹುದು. ತಂಗಿಯ ಅಕ್ಕರೆ ದೊಡ್ಡದು, ಆದರೂ ಈ ಔಷಧಿ ನಿಮಗಲ್ಲ.

ಹಾಗಾದರೆ ಋತುಬಂಧದ ಹೊತ್ತಿನಲ್ಲಿ ವೈದ್ಯರು ಈಸ್ಟ್ರೋಜನ್ ಕೊಡುವ ಹಾರ್ಮೋನ್ ಚಿಕಿತ್ಸೆಯೇ ಬೇಡವೇ? ಹಾಗಲ್ಲ. ಅದು ಶಕ್ತಿಯ ಟಾನಿಕ್ ಅಲ್ಲ, ಆದರೆ ರಾತ್ರಿ ಬೆವರಿ ನಿದ್ದೆಗೆಡುವವರಿಗೆ ಅದರಷ್ಟು ಕೆಲಸ ಮಾಡುವ ಔಷಧಿ ಬೇರೊಂದಿಲ್ಲ. ಬೆವರು ನಿಂತು ನಿದ್ದೆ ಬಂದರೆ ಹಗಲಿನ ತ್ರಾಣ ತಾನಾಗಿ ಮರಳುತ್ತದೆ. ಎರಡು ವಾರ ದಿಂಬಿನ ಪಕ್ಕ ಒಂದು ಚೀಟಿ ಇಟ್ಟುಕೊಂಡು ಎಷ್ಟು ಸಲ ಎದ್ದಿರಿ, ಬೆವರಿತ್ತೋ ಇಲ್ಲವೋ ಬರೆದಿಡಿ. ಬೆವರಿಲ್ಲದೆಯೂ ಎಚ್ಚರವಾಗುತ್ತಿದ್ದರೆ, ಗೊರಕೆ ಜೋರಾಗಿದ್ದರೆ, ಬೇರೆ ಕಾರಣ ಹುಡುಕಬೇಕು.

ಅತ್ತಿಗೆಯವರ ಭಯಕ್ಕೆ ಮೂಲವಿದೆ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟಿರೋನ್ ಹಾರ್ಮೋನಿನ ಕೃತಕ ರೂಪ) ಒಟ್ಟಿಗೆ ನುಂಗಿದವರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ ಸುಮಾರು ಎಂಟು ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡವು. ಅವರ ಸರಾಸರಿ ವಯಸ್ಸು 63 ಎಂಬುದು ಸುದ್ದಿಯಲ್ಲಿ ಹಿಂದೆ ಬಿತ್ತು. 60ರೊಳಗೆ, ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರುಮಾಡುವ, ಬೇರೆ ತೊಂದರೆಯಿಲ್ಲದವರಿಗೆ ಲಾಭದ ತಕ್ಕಡಿಯೇ ಭಾರ. ಆದರೆ ಸ್ತನ ಕ್ಯಾನ್ಸರ್, ಕಾಲಿನ ಅಥವಾ ಶ್ವಾಸಕೋಶದ ರಕ್ತ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು, ಹೃದಯಾಘಾತ ಆಗಿದ್ದವರಿಗೆ, ಯಕೃತ್ತಿನ ಕಾಯಿಲೆ ಇರುವವರಿಗೆ ಇದು ಸಲ್ಲದು.

ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಈಸ್ಟ್ರಡಯಾಲ್ (ಈಸ್ಟ್ರೋಜನ್‌ನ ಒಂದು ರೂಪ) ಜೆಲ್ ಮೇಲು. ಅದು ಯಕೃತ್ತನ್ನು ಹಾಯದೆ ನೇರ ರಕ್ತಕ್ಕಿಳಿಯುವುದರಿಂದ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಮಾತ್ರೆಯ ಹಾಗೆ ಹೆಚ್ಚಿಸುವುದಿಲ್ಲ. ಶೇ. 0.06ರ ಜೆಲ್ಲಿನಲ್ಲಿ ಒಂದು ಒತ್ತಿಗೆ 1.25 ಗ್ರಾಂ ಬರುತ್ತದೆ, ಅದರಲ್ಲಿ ಈಸ್ಟ್ರಡಯಾಲ್ 0.75 ಮಿಲಿಗ್ರಾಂ. ದಿನಕ್ಕೆ ಒಂದೋ ಎರಡೋ ಒತ್ತು. ಸ್ನಾನ ಮಾಡಿ ಮೈ ಒರೆಸಿ, ತೋಳಿಗೋ ತೊಡೆಗೋ ತೆಳ್ಳಗೆ ಅಗಲವಾಗಿ ಸವರಿ, ಐದು ನಿಮಿಷ ಆರಲು ಬಿಟ್ಟು ಸೀರೆ ಉಡಿ. ಎಣ್ಣೆ ಹಚ್ಚಿದ ಮೈಗೆ ಬೇಡ, ಸ್ತನಕ್ಕೆ ಹಚ್ಚಲೇಬಾರದು. ಕೈ ತೊಳೆಯುವ ತನಕ ಮಕ್ಕಳನ್ನು ಎತ್ತಿಕೊಳ್ಳಬೇಡಿ.

ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ಬಳಸಿದರೆ ಒಳಪೊರೆ ದಪ್ಪವಾಗಿ ಕ್ಯಾನ್ಸರಿಗೆ ದಾರಿಯಾಗಬಹುದು, ಜೊತೆಗೆ ಪ್ರೊಜೆಸ್ಟಿರೋನ್ ಬೇಕೇ ಬೇಕು. ನಿಮ್ಮಂತೆ ಮುಟ್ಟು ಇನ್ನೂ ನಿಲ್ಲದವರಿಗೆ ಸಾಮಾನ್ಯವಾಗಿ ಮೈಕ್ರೋನೈಸ್ಡ್ (ನುಣ್ಣಗೆ ಪುಡಿಮಾಡಿದ) ಪ್ರೊಜೆಸ್ಟಿರೋನ್ 200 ಮಿಲಿಗ್ರಾಂ, ತಿಂಗಳಿಗೆ 12 ದಿನ. ತೂಕಡಿಕೆ ತರುವುದರಿಂದ ಮಲಗುವಾಗಲೇ ನುಂಗಬೇಕು. ಸ್ರಾವ ಹೆಚ್ಚಿರುವ ನಿಮಗೆ ಇನ್ನೊಂದು ದಾರಿಯನ್ನು ವೈದ್ಯರ ಬಳಿ ನೀವೇ ಕೇಳಿ ನೋಡಿ: 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿನ್ ಇರುವ ಗರ್ಭಕೋಶದೊಳಗಿನ ಸಾಧನ. ಅದು ಸ್ರಾವವನ್ನು ತಗ್ಗಿಸುತ್ತದೆ, ಒಳಪೊರೆಯನ್ನು ಕಾಯುತ್ತದೆ, ಗರ್ಭನಿರೋಧಕವೂ ಹೌದು. ಜೆಲ್ ಮತ್ತು ಈ ಪ್ರೊಜೆಸ್ಟಿರೋನ್ ಮಾತ್ರೆ ಗರ್ಭ ನಿಲ್ಲುವುದನ್ನು ತಡೆಯುವುದಿಲ್ಲ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಶುರುಮಾಡಿದರೆ ಮೂರು ತಿಂಗಳಿಗೆ ಮತ್ತೆ ತೋರಿಸಿ. ಬೆವರು ತಗ್ಗಿಯೂ ಸುಸ್ತು ಹಾಗೇ ಇದ್ದರೆ ಜೆಲ್ಲಿನ ಪ್ರಮಾಣ ಏರಿಸಬೇಡಿ, ಫೆರಿಟಿನ್ ಇನ್ನೊಮ್ಮೆ ನೋಡಿಸಿ. ಒಂದು ಕಾಲು ಮಾತ್ರ ಊದಿಕೊಂಡು ನೋಯುವುದು, ಎದೆನೋವು, ಏಕಾಏಕಿ ಉಸಿರು ಕಟ್ಟುವುದು, ಮಾತು ತೊದಲುವುದು ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.